ಅಂತರಜಾಲಕ್ಕೆ ಮುನ್ನ ಫ್ರೆಂಚರ ಮನೆ ಸೇರಿದ ಪೆಟ್ಟಿಗೆ



ಮನೆಯಲ್ಲಿ ಕುಳಿತೇ ರೈಲಿಗೆ ಸ್ಥಳ ಕಾದಿರಿಸುವುದು, ಬ್ಯಾಂಕಿನ ಲೆಕ್ಕ ನೋಡುವುದು, ಬಟ್ಟೆಬರೆ ತರಿಸಿಕೊಳ್ಳುವುದು, ಮುಖವನ್ನೇ ಕಾಣದವರೊಡನೆ ನಡುರಾತ್ರಿಯವರೆಗೆ ಹರಟುವುದು ಇವೆಲ್ಲವೂ ಅಮೆರಿಕೆಯಿಂದ ಬಂದ ಅಂತರಜಾಲದ ಕೊಡುಗೆಗಳೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಫ್ರಾನ್ಸಿನ ಸಾಮಾನ್ಯ ಗೃಹಸ್ಥರು 1980ರ ದಶಕದಲ್ಲಿಯೇ ಇವನ್ನೆಲ್ಲ ಮಾಡುತ್ತಿದ್ದರು. ಅವರಿಗೆ ಈ ಅನುಕೂಲವನ್ನು ಒದಗಿಸಿದ್ದು ಮಿನಿಟೆಲ್ ಎಂಬ ಸಣ್ಣ ಪೆಟ್ಟಿಗೆ. ಅದರ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

ಮೊದಲಿಗೆ ಒಂದು ಸಂಗತಿ. 1970ರ ಸುಮಾರಿಗೆ ದೂರವಾಣಿಯ ವಿಷಯದಲ್ಲಿ ಫ್ರಾನ್ಸ್ ತೀರ ಹಿಂದುಳಿದಿತ್ತು. ದೇಶಕ್ಕೆಲ್ಲ ಇದ್ದುದು ಸುಮಾರು 40 ಲಕ್ಷ ಸಂಪರ್ಕಗಳು. ಫ್ರಾನ್ಸಿನ ಅರ್ಧದಷ್ಟು ಜನ ದೂರವಾಣಿಗಾಗಿ ಕಾಯುತ್ತಿದ್ದಾರೆ, ಉಳಿದರ್ಧ ಜನ ಅದರ ಸದ್ದಿಗಾಗಿ ಕಾಯುತ್ತಿದ್ದಾರೆ ಎಂದು ಅಲ್ಲಿಯವರೇ ನಗೆಯಾಡುತ್ತಿದ್ದರು. ಟ್ರಂಕ್ ಕಾಲ್ ಹಚ್ಚಿ ಅಂಚೆ ಕಚೇರಿಯ ಬೆಂಚಿನ ಮೇಲೆ ದಿನವಿಡೀ ಕುಳಿತ ನಮ್ಮ ಪೀಳಿಗೆಯವರಿಗೆ ಈ ನಗೆಯ ಹಿಂದಿನ ಕಹಿಯನ್ನು ವಿವರಿಸಬೇಕಾಗಿಲ್ಲ. ಅಲ್ಲಿನ ಸರ್ಕಾರ ಹಟತೊಟ್ಟು ಹಣ ಸುರಿಯಿತು. 1980ರ ದಶಕದ ಆರಂಭದ ಹೊತ್ತಿಗೆ ಸಂಪರ್ಕಗಳ ಸಂಖ್ಯೆ ಎರಡು ಕೋಟಿಯ ಸಮೀಪಕ್ಕೆ ಬಂದಿತು. ಇ-10 ಎಂಬ ಅವರ ವಿದ್ಯುನ್ಮಾನ ವಿನಿಮಯ ಕೇಂದ್ರಗಳ ತಂತ್ರಜ್ಞಾನವೇ ಮುಂದೆ ನಮ್ಮ ಬೆಂಗಳೂರಿನ ಐಟಿಐ ಸಂಸ್ಥೆಯ ಮೂಲಕ ಭಾರತಕ್ಕೂ ಬಂದು, ಅದಕ್ಕಾಗಿ ಉತ್ತರಪ್ರದೇಶದ ಮಂಕಾಪುರದಲ್ಲಿ ಕಾರ್ಖಾನೆಯೊಂದು ತಲೆಯೆತ್ತಿತು.

ಸಂಪರ್ಕಗಳು ಹೆಚ್ಚಿದಂತೆ ಹೊಸದೊಂದು ತೊಡಕು ಎದುರಾಯಿತು. ಡೈರೆಕ್ಟರಿಗಳು ಇಟ್ಟಿಗೆಯಂತೆ ದಪ್ಪಗಾದವು. ಅಚ್ಚಾಗಿ ಹೊರಬರುವಷ್ಟರಲ್ಲಿಯೇ ಹಳತಾಗುತ್ತಿದ್ದವು. ಕಾಗದದ ಡೈರೆಕ್ಟರಿಯ ಬದಲು ಪರದೆಯೂ ಕೀಲಿಮಣೆಯೂ ಉಳ್ಳ ಪೆಟ್ಟಿಗೆಯನ್ನೇ ಮನೆಮನೆಗೆ ಬಿಟ್ಟಿಯಾಗಿ ಕೊಟ್ಟರೆ ಹೇಗೆ ಎಂದು ದೂರಸಂಪರ್ಕ ಇಲಾಖೆಯ ಮುಖ್ಯಸ್ಥ ಜೆರಾರ್ ತೇರಿ ಮತ್ತು ಅವರ ಸಂಗಡಿಗರು ಯೋಚಿಸಿದರು. ಗಣಕವೂ ದೂರವಾಣಿಯೂ ಕೂಡಿ ಸಮಾಜವನ್ನೇ ಬದಲಿಸಲಿವೆಯೆಂದು 1978ರಲ್ಲಿ ಸಿಮೊನ್ ನೋರಾ ಮತ್ತು ಅಲೆನ್ ಮಿಂಕ್ ಎಂಬ ಇಬ್ಬರು ಅಧಿಕಾರಿಗಳು ರಾಷ್ಟ್ರಾಧ್ಯಕ್ಷರಿಗೆ ಸಲ್ಲಿಸಿದ ವರದಿಯೂ ಈ ಯೋಚನೆಗೆ ಬಲ ನೀಡಿತು. 1980ರಲ್ಲಿ ಬ್ರಿಟ್ಟನಿ ಪ್ರಾಂತದ ಸೇಂಟ್ ಮಾಲೋ ಊರಿನ 55 ಚಂದಾದಾರರೊಂದಿಗೆ ಪ್ರಯೋಗ ಆರಂಭವಾಯಿತು. 1981ರಲ್ಲಿ ಪ್ಯಾರಿಸ್ ಸಮೀಪದ ವೆಲಿಜಿಯಲ್ಲಿ ಸುಮಾರು 2,500 ಮನೆಗಳಿಗೆ ಪೆಟ್ಟಿಗೆ ತಲುಪಿತು.

ಪತ್ರಿಕೆಗಳವರು ಬೆಚ್ಚಿದರು. ವರ್ಗೀಕೃತ ಜಾಹೀರಾತುಗಳು ಕೈಬಿಟ್ಟರೆ ಬದುಕುವುದೆಂತು ಎಂಬುದು ಅವರ ಅಳಲು. ಅವರನ್ನು ಸಮಾಧಾನಪಡಿಸಲು ಸರ್ಕಾರವು 1984ರಲ್ಲಿ ‘ಕಿಯೋಸ್ಕ್’ ಎಂಬ ವ್ಯವಸ್ಥೆಯನ್ನು ತೆರೆದಾಗ, ಅದರಲ್ಲಿ ಅಂಗಡಿ ಹೂಡುವ ಹಕ್ಕನ್ನು ಮೊದಲಿಗೆ ಪತ್ರಿಕೆಗಳಿಗಷ್ಟೇ ನೀಡಿತು. 3615 ಎಂಬ ಸಂಖ್ಯೆಗೆ ಕರೆಮಾಡಿ ಸೇವೆಯ ಹೆಸರನ್ನು ಒತ್ತಿದರಾಯಿತು. ಗಂಟೆಗೆ ಸುಮಾರು 60 ಫ್ರಾಂಕ್ ಶುಲ್ಕವು ತಿಂಗಳ ದೂರವಾಣಿ ಬಿಲ್ಲಿಗೆ ಸೇರುತ್ತಿತ್ತು. ಅದರಲ್ಲಿ ಹೆಚ್ಚಿನ ಪಾಲು ಸೇವೆ ನೀಡಿದವರಿಗೆ, ಉಳಿದದ್ದು ಇಲಾಖೆಗೆ. ಬಳಸಿದವರು ಯಾರೆಂಬುದು ಅಂಗಡಿಯವನಿಗೆ ತಿಳಿಯುತ್ತಿರಲಿಲ್ಲ. ಯಾವ ಅಂಗಡಿಗೆ ಹೋದಿರೆಂಬುದು ಬಿಲ್ಲಿನಲ್ಲಿಯೂ ಕಾಣುತ್ತಿರಲಿಲ್ಲ. ಇಂದು ಒಂದು ಜೊತೆ ಚಪ್ಪಲಿಯ ಬೆಲೆ ವಿಚಾರಿಸಿದರೆ ತಿಂಗಳುಗಟ್ಟಲೆ ಬೆನ್ನುಹತ್ತುವ ಜಾಹೀರಾತುಗಳನ್ನು ಕಾಣುವಾಗ ಈ ಏರ್ಪಾಟಿನ ಸಭ್ಯತೆ ನೆನಪಾಗುತ್ತದೆ.

ಜನರು ಅದನ್ನು ಬಳಸಿದ ಬಗೆಯಾದರೋ ಅಧಿಕಾರಿಗಳ ಲೆಕ್ಕಾಚಾರವನ್ನು ಮೀರಿತು. ಸ್ಟ್ರಾಸ್‌ಬರ್ಗಿನಲ್ಲಿ ಒಂದು ಪತ್ರಿಕೆ ನಡೆಸುತ್ತಿದ್ದ ಗ್ರೆಟೆಲ್ ಎಂಬ ಸೇವೆಯಲ್ಲಿ, ಬಳಕೆದಾರರಿಗೆ ನೆರವು ನೀಡಲೆಂದಿದ್ದ ಸಂದೇಶದ ದಾರಿಯನ್ನು ಜನರು ತಮ್ಮತಮ್ಮೊಳಗಿನ ಹರಟೆಗೆ ತಿರುಗಿಸಿಕೊಂಡರು. ಹರಟೆಯ ರುಚಿ ಹತ್ತಿದ್ದೇ ತಡ, ಕಲ್ಪಿತ ಹೆಸರುಗಳ ಹಿಂದೆ ನಿಂತು ಪ್ರಣಯ ಸಲ್ಲಾಪ ನಡೆಸುವ ಸೇವೆಗಳು ನಾಯಿಕೊಡೆಗಳಂತೆ ಎದ್ದವು. ‘ಗುಲಾಬಿ ಮಿನಿಟೆಲ್’ ಎಂದು ಅವಕ್ಕೆ ಹೆಸರಾಯಿತು. ಅತ್ತಕಡೆ ಸುಂದರಿಯೆಂದು ನಂಬಿಸಿ ಉತ್ತರ ಬರೆಯುತ್ತಿದ್ದವರು ಎಷ್ಟೋ ವೇಳೆ ಸಂಬಳಕ್ಕಿದ್ದ ಗಂಡಸರು! ಗಂಭೀರ ಪತ್ರಿಕೆಗಳ ಬೊಕ್ಕಸವೂ ಈ ಹಣದಿಂದ ತುಂಬಿತು. 1985ರ ಜೂನ್‌ನಲ್ಲಿ ದಟ್ಟಣೆ ತಡೆಯಲಾರದೆ ಟ್ರಾನ್ಸ್‌ಪ್ಯಾಕ್ ಜಾಲವೇ ಕುಸಿದು, ಅದನ್ನೇ ನಂಬಿದ್ದ ವ್ಯಾಪಾರ ಸಂಸ್ಥೆಗಳ ಕೆಲಸವೂ ನಿಂತಿತು.

ಆದರೆ ಬರಿಯ ಗುಲಾಬಿ ಬಣ್ಣದಿಂದ ಅದನ್ನು ಅಳೆಯುವುದು ಅನ್ಯಾಯ. 1986ರ ವಿದ್ಯಾರ್ಥಿ ಚಳವಳಿಯ ಸುದ್ದಿ ಈ ಪರದೆಯ ಮೇಲೆ ಹರಿದಾಡಿತು. ಬ್ಯಾಕಲೋರಿಯಾ ಪರೀಕ್ಷೆಯ ಫಲಿತಾಂಶವೂ ಇದರಲ್ಲಿ ದೊರೆಯುತ್ತಿತ್ತು. ಶಾಲೆಯ ನೋಟೀಸು ಬೋರ್ಡಿನ ಮುಂದೆ ನೂಕಾಡಿದ ನಿಮಗೆ ಇದು ಅಚ್ಚರಿಯೆನಿಸೀತು. 1990ರ ದಶಕದಲ್ಲಿ ಸೇವೆಗಳ ಸಂಖ್ಯೆ 20,000ವನ್ನು ದಾಟಿತ್ತು. ಗಣಕವನ್ನೇ ಮುಟ್ಟದ ಅಜ್ಜಿಯಂದಿರೂ ಅದನ್ನು ಬಲ್ಲವರಾಗಿದ್ದರು.

ಇಷ್ಟಾಗಿಯೂ ಅದು ಜಗತ್ತನ್ನು ಗೆಲ್ಲಲಿಲ್ಲವೇಕೆ? ಉತ್ತರ 1970ರ ದಶಕದಲ್ಲಿಯೇ ಇದೆ. ಲೂಯಿ ಪೂಜ಼ಾನ್ ಎಂಬ ಫ್ರೆಂಚ್ ಎಂಜಿನಿಯರರು ಸಿಕ್ಲಾಡ್ ಎಂಬ ಜಾಲವನ್ನು ಕಟ್ಟಿದ್ದರು. ಮಾಹಿತಿಯ ತುಣುಕುಗಳು ತಮ್ಮ ದಾರಿಯನ್ನು ತಾವೇ ಹಿಡಿದು ಸಾಗಲಿ, ಜವಾಬ್ದಾರಿಯು ಎರಡು ತುದಿಗಳ ಗಣಕಗಳಿಗಿರಲಿ ಎಂಬುದು ಅವರ ಕ್ರಮ. ದೂರಸಂಪರ್ಕ ಇಲಾಖೆಗೆ ಇದು ಹಿಡಿಸಲಿಲ್ಲ. ಹತೋಟಿಯೆಲ್ಲ ಜಾಲದ ಒಡೆಯನ ಕೈಯಲ್ಲಿರುವ ಟ್ರಾನ್ಸ್‌ಪ್ಯಾಕ್ 1978ರಲ್ಲಿ ಆರಂಭವಾಯಿತು, ಸಿಕ್ಲಾಡ್‌ಗೆ ಹಣ ನಿಂತಿತು. ಪೂಜ಼ಾನರ ಕಲ್ಪನೆಯನ್ನು ಅಮೆರಿಕೆಯ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ತಮ್ಮ ಅಂತರಜಾಲದ ನಿಯಮಗಳಲ್ಲಿ ಬಳಸಿಕೊಂಡರು. ಹಿತ್ತಲ ಗಿಡ ಮದ್ದಲ್ಲವೆಂಬ ಮಾತು ಪ್ಯಾರಿಸ್ಸಿಗೂ ಸಲ್ಲುತ್ತದೆ. 2013ರಲ್ಲಿ ಈ ಮೂವರೂ ಬ್ರಿಟನ್ನಿನ ಕ್ವೀನ್ ಎಲಿಜ಼ಬೆತ್ ಪ್ರಶಸ್ತಿಯನ್ನು ಇತರರೊಡನೆ ಹಂಚಿಕೊಂಡರು.

1997ರಲ್ಲಿ ಪ್ರಧಾನಿ ಲಿಯೊನೆಲ್ ಜೋಸ್ಪಾನ್ ಅವರು, ಮಿನಿಟೆಲ್ ಹೊಸ ತಂತ್ರಗಳಿಗೆ ಅಡ್ಡಿಯಾಗುವ ಅಪಾಯವಿದೆಯೆಂದು ಬಹಿರಂಗವಾಗಿಯೇ ನುಡಿದರು. ಇದು ಅರ್ಧಸತ್ಯವೆಂದು ನನ್ನ ಅಭಿಪ್ರಾಯ. ಮಿನಿಟೆಲ್ ಸೇವೆಗಳಿಂದಲೇ ಹಣ ಗಳಿಸಿದ ಗ್ಜ಼ಾವಿಯೆ ನೀಲ್ ಎಂಬುವರು 1999ರಲ್ಲಿ ‘ಫ್ರೀ’ ಎಂಬ ಅಂತರಜಾಲ ಸಂಸ್ಥೆಯನ್ನು ತೆರೆದು, ಅಗ್ಗದ ದರದಲ್ಲಿ ಮನೆಮನೆಗೆ ಸಂಪರ್ಕ ಒದಗಿಸಿದರು. ಪರದೆಯ ಮೇಲೆ ಹಣ ತೆತ್ತು ಕೊಳ್ಳುವ ಅಭ್ಯಾಸವನ್ನು ಫ್ರೆಂಚರಿಗೆ ಮೊದಲು ಕಲಿಸಿದ್ದೂ ಆ ಹಳೆಯ ಪೆಟ್ಟಿಗೆಯೇ.

2012ರ ಜೂನ್ 30ರಂದು ಮಿನಿಟೆಲ್ ಸೇವೆ ನಿಂತಿತು. ಕೊನೆಯವರೆಗೂ ಅದನ್ನು ಬಿಡದಿದ್ದವರಲ್ಲಿ, ಪ್ರಯೋಗ ಮೊದಲಾದ ಅದೇ ಬ್ರಿಟ್ಟನಿಯ ಹೈನುಗಾರರಿದ್ದರು. ಹಸುವಿನ ಕೃತಕ ಗರ್ಭಧಾರಣೆಗೆ ಕರೆ ಕಳುಹಿಸಲು ಅವರಿಗೆ ಆ ಪುಟ್ಟ ಪರದೆಯೇ ಸಾಕಾಗಿತ್ತು. ಉಳಿದಿದ್ದ ಪೆಟ್ಟಿಗೆಗಳನ್ನು ಕಂಪನಿಯು ಹಿಂದಕ್ಕೆ ಪಡೆದು, ಪ್ಲಾಸ್ಟಿಕ್ಕು ಲೋಹಗಳನ್ನು ಬೇರ್ಪಡಿಸಲು ಕಳುಹಿಸಿತು.