ಸಿರುಗುಪ್ಪದ ಅಕ್ಕಿ, ಮೊಂಬಾಸಾದ ಮಟನ್

1/7
ಮೊದಲ ಫೋಟೋ ನೋಡಿ "ಲೇ, ಬಿರಿಯಾನಿ ಮಾಡಿದ್ದು ಹೇಳಲೇ ಇಲ್ಲ" ಅಂತ ಮೆಸೇಜ್ ಹಾಕ್ತೀರಿ, ಗೊತ್ತು. ಬಿರಿಯಾನಿನೇ, ಆದರೆ ನಮ್ಮ ಬಳ್ಳಾರಿದಲ್ಲ. ಕೀನ್ಯಾ ದೇಶದ ಮೊಂಬಾಸಾದ್ದು. ಅಲ್ಲಿ ಅನ್ನ ಬೇರೆ, ಮಸಾಲೆ ಮಟನ್ ಬೇರೆ ಬೇಯಿಸ್ತಾರೆ. ಬಡಿಸುವಾಗ ಅನ್ನದ ಮೇಲೆ ಹಾಕ್ತಾರೆ.

ಎರಡು ವರ್ಷದ ಹಿಂದೆ ಬೆಂಗಳೂರಿನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಮೇಲಿನ ಮನೆಯಲ್ಲಿ ಮೊಂಬಾಸಾದಿಂದ ಓದೋಕೆ ಬಂದ ಅಕ್ಕ ಒಬ್ಬರು ಬಾಡಿಗೆಗಿದ್ದರು. ಒಂದು ಸಂಜೆ ಡಬ್ಬಿ ತುಂಬ ಇದನ್ನೇ ತಂದುಕೊಟ್ಟರು. ಅವರು ಇನ್ನೂ ಮೆಟ್ಟಿಲು ಹತ್ತುತ್ತಿದ್ದಾಗಲೇ ನಾನು "ಇದಕ್ಕೆ ಏನೇನು ಹಾಕಿರ್ತಾರೋ ಏನೋ" ಅಂದು ನಕ್ಕೆ. ಅವರು ತಿರುಗಿ ನೋಡಿದರು. ಏನೂ ಅನ್ನಲಿಲ್ಲ. ನಾನು ಅದನ್ನ ಮುಟ್ಟಲಿಲ್ಲ. ದೊಡ್ಡಮ್ಮ ಮಾತ್ರ ತಿಂದು, ಆಮೇಲೆ ಮೇಲೆ ಹೋಗಿ ಮಾಡೋ ವಿಧಾನ ಬರ್ಕೊಂಡು ಬಂದರು. ಆ ಚೀಟಿ ಈಗ ನನ್ನ ಹತ್ರ ಐತೆ.

ಏನೇನು ಹಾಕ್ತಾರೆ ಅಂತ ಈಗ ಹೇಳ್ತೀನಿ, ಕೇಳ್ರಿ.

2/7
ಅರ್ಧ ಕೆಜಿ ಮಟನ್. ಉದ್ದಕ್ಕೆ ಹೆಚ್ಚಿ ಕೆಂಪಗೆ ಕರಿದ ನಾಲ್ಕು ಈರುಳ್ಳಿ. ಮೂರು ಟೊಮೇಟೊ, ಅರ್ಧ ಕಪ್ ಮೊಸರು, ಶುಂಠಿ, ಬೆಳ್ಳುಳ್ಳಿ. ಜೀರಿಗೆ, ಕಾಳುಮೆಣಸು, ಚಕ್ಕೆ, ಲವಂಗ, ಏಲಕ್ಕಿ. ಅಷ್ಟೇ. ನಮ್ಮ ಅಡುಗೆ ಮನೆಯಲ್ಲಿ ಇಲ್ಲದ್ದು ಇದರಲ್ಲಿ ಒಂದಾದ್ರೂ ಇದೆಯಾ?

ಮಟನ್‌ಗೆ ಮೊಸರು, ಶುಂಠಿ, ಬೆಳ್ಳುಳ್ಳಿ, ಮಸಾಲೆ ಪುಡಿ ಹಚ್ಚಿ ಒಂದು ತಾಸು ಇಡಿ. ಟೊಮೇಟೊ ಜೊತೆ ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸಿ. ಕರಿದ ಈರುಳ್ಳಿಯನ್ನ ಕೈಯಲ್ಲೇ ಪುಡಿ ಮಾಡಿ ಕೊನೆಗೆ ಹಾಕಿ. ಸಾರು ಗಟ್ಟಿ ಆಗೋದು, ಬಣ್ಣ ಬರೋದು ಅದರಿಂದಲೇ. ಖಾರ ಕಡಿಮೆ. ಕುರುಗೋಡಿನ ನಮ್ಮ ಮಾವ ಮೆಣಸಿನಕಾಯಿ ಬೆಳೀತಾರೆ. ಅವರು ಒಂದು ತುತ್ತು ತಿಂದು "ಖಾರ ಎಲ್ಲೈತಪ್ಪಾ?" ಅಂತ ಕೇಳಿದ್ದು ಬಿಟ್ಟರೆ ಬೇರೆ ದೂರು ಬರಲಿಲ್ಲ. ಅನ್ನಕ್ಕೆ ಸಿರುಗುಪ್ಪದ ಸೋನಾ ಮಸೂರಿ, ಮೇಲೆ ತುಪ್ಪ.

3/7
ಈಗ ಇತಿಹಾಸ. ಮೊರಾಕೊದ ಪ್ರವಾಸಿ ಇಬ್ನ್ ಬತೂತ 1331ರ ಹೊತ್ತಿಗೆ ಪೂರ್ವ ಆಫ್ರಿಕಾದ ಮೊಗದಿಶುಗೆ ಬಂದ. ಅಲ್ಲಿ ಅವನಿಗೆ ಬಡಿಸಿದ್ದು ಏನು ಗೊತ್ತಾ? ದೊಡ್ಡ ಮರದ ತಟ್ಟೆಯಲ್ಲಿ ತುಪ್ಪದನ್ನ, ಮೇಲೆ ಕೋಳಿ, ಮಾಂಸ, ಮೀನು, ತರಕಾರಿಯ ಪಲ್ಯಗಳು. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ನಿಂಬೆ, ಮೆಣಸು, ಹಸಿ ಶುಂಠಿ, ಮಾವಿನಕಾಯಿ. ಅಲ್ಲಿಂದ ಮುಂದೆ ಅವನು ಮೊಂಬಾಸಾಕ್ಕೂ ಹೋದ.

ಹತ್ತು ವರ್ಷ ಕಳೆದ ಮೇಲೆ ಅದೇ ಮನುಷ್ಯ ನಮ್ಮ ಹೊನ್ನಾವರಕ್ಕೆ ಬಂದ. ಅಲ್ಲಿನ ಸುಲ್ತಾನ ಜಮಾಲುದ್ದೀನ್ ಜೊತೆ ಊಟಕ್ಕೆ ಕೂತ. ಅಲ್ಲೂ ಅನ್ನ, ಮೇಲೆ ತುಪ್ಪ, ಜೊತೆಗೆ ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ. ಕೊನೆಗೆ ಮೊಸರು. ನಡುವೆ ಅಷ್ಟು ದೊಡ್ಡ ಸಮುದ್ರ, ಆದರೆ ಎರಡೂ ದಡದಲ್ಲಿ ಹೆಚ್ಚುಕಡಿಮೆ ಒಂದೇ ಊಟ. ಎರಡನ್ನೂ ಅವನು ತನ್ನ ಪ್ರವಾಸದ ಕಥೆಯಲ್ಲಿ ಬರೆಸಿದ್ದಾನೆ. (ಆ ಮೆಣಸು ಹಸಿಮೆಣಸಿನಕಾಯಿ ಅಲ್ಲ. ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗಲ್ಲಿ ಬಂದಿದ್ದು 1500ರ ನಂತರ.)

4/7
ಇದು ಹೇಗಾಯ್ತು? ಗಾಳಿಯಿಂದ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತೆ, ಹಾಯಿ ಹಡಗು ಇಲ್ಲಿಂದ ಆಫ್ರಿಕಾಕ್ಕೆ ಹೋಗುತ್ತೆ. ಆಮೇಲೆ ನೈಋತ್ಯದ ಗಾಳಿ ಶುರುವಾದಾಗ ವಾಪಸ್ ಬರುತ್ತೆ. ನಮ್ಮ ತುಂಗಭದ್ರೆ ತುಂಬಿಸೋ ಮುಂಗಾರು ಇದೇ ಗಾಳಿ. ಗಾಳಿ ತಿರುಗೋವರೆಗೂ ವ್ಯಾಪಾರಿಗಳು ತಿಂಗಳುಗಟ್ಟಲೆ ಬಂದರಿನಲ್ಲೇ ಇರಬೇಕು. ಇದ್ದ ಕಡೆ ಅಡುಗೆ ಮಾಡ್ಕೋಬೇಕು, ಕೆಲವರು ಅಲ್ಲೇ ಮದುವೆನೂ ಆದರು.

ಸುಮಾರು 2,000 ವರ್ಷದ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ ಪೆರಿಪ್ಲಸ್ ಅನ್ನೋ ಪುಸ್ತಕದಲ್ಲಿ ಭಾರತದಿಂದ ಆಫ್ರಿಕಾ ತೀರಕ್ಕೆ ಹೋಗ್ತಿದ್ದ ಸರಕಿನ ಪಟ್ಟಿ ಇದೆ: ಗೋಧಿ, ಅಕ್ಕಿ, ತುಪ್ಪ, ಎಳ್ಳೆಣ್ಣೆ, ಹತ್ತಿ ಬಟ್ಟೆ.

5/7
ಭಾಷೆ ನೋಡ್ರಿ. ಇಂಗ್ಲಿಷಿನಲ್ಲಿ ಗದ್ದೆಯಲ್ಲಿದ್ದರೂ ರೈಸ್, ಚೀಲದಲ್ಲಿದ್ದರೂ ರೈಸ್, ತಟ್ಟೆಗೆ ಬಂದರೂ ರೈಸ್. ನಮಗೆ ಭತ್ತ, ಅಕ್ಕಿ, ಅನ್ನ ಮೂರೂ ಬೇರೆ. ಮೊಂಬಾಸಾದ ಸ್ವಾಹಿಲಿಯಲ್ಲೂ ಹಾಗೇ: ಭತ್ತ ಎಂಪುಂಗಾ, ಅಕ್ಕಿ ಎಂಚೆಲೆ, ಅನ್ನ ವಾಲಿ. ಅನ್ನ ಉಣ್ಣೋ ಜನಕ್ಕೆ ಒಂದು ಹೆಸರು ಸಾಲೋದಿಲ್ಲ. ಏಲಕ್ಕಿಗೆ ಅಲ್ಲಿ ಇಲಿಕಿ ಅಂತಾರೆ.

ನನ್ನ ಬಿಕಾಂ ಗೆಳೆಯರಿಗೆ ಸ್ಪೆಷಲ್: ಸ್ವಾಹಿಲಿಯಲ್ಲಿ ದುಡ್ಡು ಪೇಸಾ, ಅಂಗಡಿ ದುಕಾ, ಲೆಕ್ಕ ಹೆಸಾಬು, ಲಾಭ ಫಾಯಿದಾ, ವಿಮೆ ಬೀಮಾ, ಒಂದು ಲಕ್ಷ ಲಾಕಿ, ಚೆಕ್ಕಿಗೆ ಹುಂಡಿ. ನಮ್ಮಜ್ಜ ಹಿಸಾಬು, ಫಾಯ್ದೆ, ದುಕಾನು ಅನ್ನೋದು ಕೇಳಿಲ್ವಾ? ಅರಬ್ಬರು, ಗುಜರಾತಿ ವ್ಯಾಪಾರಿಗಳು ಓಡಾಡಿದ ದಾರಿಯಲ್ಲಿ ಲೆಕ್ಕದ ಪುಸ್ತಕದ ಮಾತೂ ಓಡಾಡಿದವು.

6/7
ಆದರೆ ಆ ದಾರಿಯಲ್ಲಿ ಹೋಗಿದ್ದು ಬರೀ ಸರಕಲ್ಲ. ಈ ಸಾರಿಗೆ ಹಾಕಿದ ಲವಂಗ ಮೂಲತಃ ಇಂಡೋನೇಷ್ಯಾದ ಮಲುಕು ದ್ವೀಪಗಳದು. 1800ರ ನಂತರ ಜಂಜಿಬಾರ್ ದ್ವೀಪದಲ್ಲಿ ಅದರ ತೋಟಗಳು ಎದ್ದವು. ದುಡಿದವರು ಆಫ್ರಿಕಾದ ಒಳನಾಡಿನಿಂದ ಹಿಡಿದು ತಂದ ಗುಲಾಮರು. ಜಂಜಿಬಾರಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ.

ನಮ್ಮ ದಡಕ್ಕೂ ಆಫ್ರಿಕಾದವರನ್ನ ಹಾಗೆ ತಂದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಅವರ ಮಕ್ಕಳು ಮೊಮ್ಮಕ್ಕಳು. ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಇನ್ನೂ ಹತ್ತಿರದ್ದು ಹೇಳ್ತೀನಿ. ಸಿರುಗುಪ್ಪದ ಆಚೆಗಿನ ಆದೋನಿ ಗೊತ್ತಲ್ಲ? 1953ರಲ್ಲಿ ಆಂಧ್ರಕ್ಕೆ ಹೋಗೋವರೆಗೂ ಅದು ನಮ್ಮ ಬಳ್ಳಾರಿ ಜಿಲ್ಲೆಯ ತಾಲೂಕು. 1600ರ ದಶಕಗಳಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಆದೋನಿ ಕೋಟೆ ಆಳಿದವನು ಸಿದ್ದಿ ಮಸೂದ್. ಆಫ್ರಿಕಾ ಮೂಲದವನು. ಸುಲ್ತಾನ ಸಿಕಂದರ್ ಇನ್ನೂ ಹುಡುಗ ಆಗಿದ್ದಾಗ ಇಡೀ ಬಿಜಾಪುರದ ಆಡಳಿತ ನೋಡಿಕೊಂಡವನೂ ಇವನೇ. ಆದೋನಿಯ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದು. ಆಫ್ರಿಕಾದವರನ್ನ ಕಂಡರೆ "ಎಲ್ಲಿಂದ ಬಂದರೋ" ಅಂತೀವಿ. ನಮ್ಮ ಜಿಲ್ಲೆಯ ಕೋಟೆಯಲ್ಲೇ ಇದ್ದರು.

7/7
ಕೊನೆಯ ಫೋಟೋ ಸಿರುಗುಪ್ಪದ ಗದ್ದೆ. ಇಲ್ಲಿನ ಕಾಲುವೆ ವಿಜಯನಗರದ ಕಾಲದ್ದು, ಇವತ್ತಿಗೂ ನೀರು ಹರಿಯುತ್ತೆ. ಇಬ್ನ್ ಬತೂತ ಹೊನ್ನಾವರದಲ್ಲಿ ಉಂಡಾಗ ವಿಜಯನಗರ ಇನ್ನೂ ಎಳೇ ಕೂಸು.

ಅಡುಗೆ ಆದ ಮೇಲೆ ಒಂದು ಡಬ್ಬಿ ತುಂಬಿಸಿ ದೊಡ್ಡಮ್ಮಗೆ ಫೋನ್ ಮಾಡಿದೆ. ಮೇಲಿನ ಮನೆ ಅಕ್ಕ ಓದು ಮುಗಿಸಿ ಊರಿಗೆ ಹೋಗಿ ಏಳು ತಿಂಗಳಾಯ್ತಂತೆ. ನಂಬರ್ ಕೊಟ್ಟರು. ಫೋಟೋ ಕಳಿಸಿ, ಅವತ್ತು ನಕ್ಕಿದ್ದಕ್ಕೆ ಕ್ಷಮೆ ಕೇಳಿದೆ. ಮರುದಿನ ಉತ್ತರ ಬಂತು: "ಈರುಳ್ಳಿ ಇನ್ನೂ ಕೆಂಪಗೆ ಕರೀಬೇಕಿತ್ತು."

ಮುಂದಿನ ಭಾನುವಾರ ಮತ್ತೆ ಮಾಡ್ತೀನಿ. ಬರೋರು ಬರ್ರಿ. ತಟ್ಟೆ ನಿಮ್ಮದೇ ತರ್ರಿ.