ತಕ್ಕಡಿ ಹೇಳದೆ ಬಿಟ್ಟ ಲೆಕ್ಕ

ನೀರಿಗೆ ‘ಎಚ್-ಟೂ-ಓ’ ಎಂಬ ಸೂತ್ರವನ್ನು ಶಾಲೆಯ ಮಕ್ಕಳೂ ಬಲ್ಲರು. ಜಲಜನಕದ ಪರಮಾಣು ಎರಡು, ಆಮ್ಲಜನಕದ್ದು ಒಂದು. ಆದರೆ ಈ ‘ಎರಡು’ ನೆಲೆಗೊಳ್ಳುವುದಕ್ಕೆ ಐವತ್ತು ವರ್ಷಗಳಿಗೂ ಮೀರಿ ವಾದವಿವಾದ ನಡೆಯಿತೆಂಬುದು ಅನೇಕರಿಗೆ ತಿಳಿಯದು.

ನೀರನ್ನು ಬೇರ್ಪಡಿಸಿ ತೂಗಿದರೆ ಜಲಜನಕ ಒಂದು ಪಾಲು, ಆಮ್ಲಜನಕ ಎಂಟು ಪಾಲು. ತಕ್ಕಡಿ ಹೇಳುವುದು ಇಷ್ಟೇ. ಚೀಲದಲ್ಲಿರುವ ತೆಂಗಿನಕಾಯಿಗಳ ತೂಕವೆಷ್ಟು, ನಿಂಬೆಹಣ್ಣುಗಳ ತೂಕವೆಷ್ಟು ಎಂದು ತಿಳಿದ ಮಾತ್ರಕ್ಕೆ ಎಷ್ಟು ಕಾಯಿ, ಎಷ್ಟು ಹಣ್ಣು ಎಂದು ಹೇಳಲಾದೀತೆ? ಒಂದು ಕಾಯಿಯ, ಒಂದು ಹಣ್ಣಿನ ತೂಕ ಗೊತ್ತಿರಬೇಕು. ಪರಮಾಣುವನ್ನೋ ಅಂದು ಬಿಡಿಯಾಗಿ ತೂಗುವಂತಿರಲಿಲ್ಲ.

೧೮೦೮ರಲ್ಲಿ ತನ್ನ ಪರಮಾಣುವಾದವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಜಾನ್ ಡಾಲ್ಟನ್ ಈ ತೊಡಕನ್ನು ಒಂದು ಊಹೆಯಿಂದ ದಾಟಿದನು: ಎರಡು ಮೂಲವಸ್ತುಗಳಿಂದ ಒಂದೇ ಒಂದು ಸಂಯುಕ್ತ ತಿಳಿದಿದ್ದರೆ, ಅದರಲ್ಲಿ ಒಂದಕ್ಕೊಂದು ಪರಮಾಣು ಸೇರಿದೆಯೆಂದು ತಿಳಿಯಬೇಕು. ಆ ಪ್ರಕಾರ ನೀರು ಬರಿಯ ‘ಎಚ್-ಓ’. ಆಮ್ಲಜನಕದ ಪರಮಾಣು ಜಲಜನಕದ್ದಕ್ಕಿಂತ ಎಂಟು ಪಟ್ಟು ಭಾರ. ಡಾಲ್ಟನನ ಒರಟು ಅಳತೆಯಲ್ಲಿ ಅದು ಏಳೆಂದು ಬಂದಿತ್ತು.

ಅದೇ ವರ್ಷ ಫ್ರಾನ್ಸಿನ ಗೇ-ಲುಸಾಕ್ ತೂಕವನ್ನು ಬಿಟ್ಟು ಅನಿಲಗಳ ಗಾತ್ರವನ್ನು ಅಳೆದನು. ಎರಡು ಅಳತೆ ಜಲಜನಕ, ಒಂದು ಅಳತೆ ಆಮ್ಲಜನಕ ಸೇರಿ ಎರಡು ಅಳತೆ ನೀರಾವಿ! ೧೮೧೧ರಲ್ಲಿ ಇಟಲಿಯ ಅವೊಗಾಡ್ರೊ ಇದರ ಮರ್ಮವನ್ನು ಬಿಡಿಸಿದನು. ಉಷ್ಣತೆ, ಒತ್ತಡಗಳು ಒಂದೇ ಆಗಿದ್ದರೆ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ. ಜಲಜನಕ, ಆಮ್ಲಜನಕಗಳ ಅಣುವಿನಲ್ಲಿ ಎರಡೆರಡು ಪರಮಾಣುಗಳಿವೆ. ಹಾಗಾದರೆ ನೀರು ‘ಎಚ್-ಟೂ-ಓ’, ಆಮ್ಲಜನಕದ ಪರಮಾಣುತೂಕ ೧೬. ಒಂದೇ ಜಾತಿಯ ಪರಮಾಣುಗಳು ಜೋಡಿಯಾಗಲಾರವೆಂದು ನಂಬಿದ್ದ ಹಿರಿಯರು ಈ ಮಾತಿಗೆ ಕಿವಿಗೊಡಲಿಲ್ಲ.

ಇದರ ಫಲವಾಗಿ ಲೆಕ್ಕವೆಲ್ಲ ಗೋಜಲಾಯಿತು. ವಿನಿಗರಿಗೆ ಹುಳಿ ಕೊಡುವ ಅಸಿಟಿಕ್ ಆಮ್ಲದಲ್ಲಿ ನೂರಕ್ಕೆ ಇಂಗಾಲ ೪೦, ಜಲಜನಕ ೬.೭, ಆಮ್ಲಜನಕ ೫೩.೩ ಪಾಲು. ಪ್ರತಿಯೊಂದನ್ನೂ ಅದರದರ ಪರಮಾಣುತೂಕದಿಂದ ಭಾಗಿಸಿದರೆ ಪರಮಾಣುಗಳ ಪ್ರಮಾಣ ಸಿಕ್ಕುತ್ತದೆ. ಇಂಗಾಲ ೬, ಆಮ್ಲಜನಕ ೮ ಎಂದವರಿಗೆ ೧:೧:೧ ಬಂದಿತು. ೧೨, ೧೬ ಎಂದವರಿಗೆ ೧:೨:೧. ತೂಕ ಒಂದೇ, ಸೂತ್ರ ಬೇರೆ! ಈ ಒಂದೇ ಆಮ್ಲಕ್ಕೆ ಬಳಕೆಯಲ್ಲಿದ್ದ ೧೯ ಬಗೆಯ ಸೂತ್ರಗಳನ್ನು ಕೆಕುಲೆ ೧೮೬೧ರ ತನ್ನ ಪಠ್ಯಗ್ರಂಥದಲ್ಲಿ ಪಟ್ಟಿಮಾಡಿದನು.

೧೮೬೦ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸುಮಾರು ೧೪೦ ರಸಾಯನಶಾಸ್ತ್ರಜ್ಞರು ಸಭೆ ಸೇರಿದರು. ಸಿಸಿಲಿಯ ಕ್ಯಾನಿಜಾರೊ ಅಲ್ಲಿ ಅವೊಗಾಡ್ರೊನ ಪಕ್ಷ ವಹಿಸಿ ಮಾತನಾಡಿದನು. ಆವಿಯ ಸಾಂದ್ರತೆಯಿಂದ ಅಣುವಿನ ತೂಕವನ್ನು ಕಂಡುಕೊಳ್ಳಬೇಕು. ಮೂಲವಸ್ತುವೊಂದು ಬೇರೆ ಬೇರೆ ಸಂಯುಕ್ತಗಳ ಅಣುಗಳಲ್ಲಿ ಎಷ್ಟೆಷ್ಟು ತೂಗುತ್ತದೆಂದು ನೋಡಬೇಕು. ಅವುಗಳಲ್ಲಿ ಅತಿ ಕಡಮೆಯದೇ ಪರಮಾಣುವಿನ ತೂಕ. ಇದು ಅವನ ಮಾರ್ಗ. ದ್ರಾಕ್ಷಾಸಕ್ಕರೆಯಲ್ಲೂ ಪ್ರಮಾಣ ೧:೨:೧ ಆದರೂ ಆಮ್ಲದ ಅಣುತೂಕ ೬೦, ಸಕ್ಕರೆಯದು ೧೮೦. ಅಣುವಿನ ತೂಕ ತಿಳಿದ ಮೇಲಷ್ಟೇ ಸೂತ್ರದಲ್ಲಿ ಹುಳಿ ಬೇರೆ, ಸಿಹಿ ಬೇರೆ ಆಗುತ್ತದೆ.

ಸಭೆ ಯಾವ ತೀರ್ಮಾನಕ್ಕೂ ಬರಲಿಲ್ಲ. ಆದರೆ ಚದುರುವ ಹೊತ್ತಿಗೆ ಕ್ಯಾನಿಜಾರೊನ ೧೮೫೮ರ ಕಿರುಹೊತ್ತಗೆಯನ್ನು ಹಂಚಲಾಯಿತು. ಲೋಥರ್ ಮೈಯರ್ ಅದನ್ನು ಓದಿ ಒಪ್ಪಿದನು. ಸಭೆಯಲ್ಲಿದ್ದ ಮೆಂಡಲೀಫ್ ೧೮೬೯ರಲ್ಲಿ ಹೀಗೆ ತಿದ್ದಿದ ತೂಕಗಳ ಆಧಾರದ ಮೇಲೆಯೇ ಮೂಲವಸ್ತುಗಳ ಕೋಷ್ಟಕವನ್ನು ರಚಿಸಿದನು.

ಇದಾವುದನ್ನೂ ಅವೊಗಾಡ್ರೊ ಕಾಣಲಿಲ್ಲ. ಸಭೆಗೆ ನಾಲ್ಕು ವರ್ಷ ಮೊದಲೇ, ೧೮೫೬ರಲ್ಲಿ, ಟೂರಿನ್ ನಗರದಲ್ಲಿ ಅವನು ತೀರಿಕೊಂಡಿದ್ದನು. ನೀರಿನ ಸೂತ್ರ ಬರೆಯುವಾಗ ನಾವು ಕೆಳಗೆ ಇಡುವ ಆ ಪುಟ್ಟ ‘ಎರಡು’ ಅವನು ಬಿಟ್ಟುಹೋದದ್ದು.