ಹೆರಿಗೆಯ ಸಿದ್ಧತೆ: ಅಂದು – ಇಂದು

ಸಂಘದ ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಹಾಲಿನ ಲೆಕ್ಕ, ಕಟ್ಟಡದ ಚರಿತ್ರೆ, ಹಿರಿಯ ನಿರ್ದೇಶಕರ ಸೇವೆ ಎಲ್ಲವೂ ದಾಖಲಾಗುತ್ತಿವೆ. ಇವುಗಳ ನಡುವೆ ಹೆರಿಗೆಯ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ತರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರು ಹೆತ್ತು ಬದುಕಿ ಉಳಿದದ್ದೂ ಈ ಊರಿನ ಚರಿತ್ರೆಯೇ ಎಂದು ನಾವು ತಿಳಿದಿದ್ದೇವೆ.

ಹೆರಿಗೆ ಅಂದರೆ ಹೆಣ್ಣಿಗೆ ಮರುಜನ್ಮ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ಹಾಗೆ ತಿಳಿದೇ ಸಿದ್ಧತೆ ಮಾಡುತ್ತಿದ್ದರು. ಚೊಚ್ಚಲ ಬಸುರಿಗೆ ಬಳೆ ತೊಡಿಸಿ, ಮಡಿಲು ತುಂಬಿ ತವರಿಗೆ ಕಳಿಸುತ್ತಿದ್ದರು. ಅಷ್ಟು ಹೊತ್ತಿಗೆ ತವರಿನಲ್ಲಿ ಸೌದೆ ಒಡೆದು ಒಟ್ಟಿ, ಹರಳೆಣ್ಣೆ ತೆಗೆದಿಟ್ಟು, ಒಣಕೊಬ್ಬರಿ, ಬೆಲ್ಲ, ಮೆಣಸು, ಓಮ, ಬಜೆ ಎಲ್ಲ ಕೂಡಿಟ್ಟಾಗಿರುತ್ತಿತ್ತು. ಹಳೇ ಹತ್ತಿ ಸೀರೆಗಳನ್ನು ಒಗೆದು ಮಡಿಚಿಡುತ್ತಿದ್ದರು. ಒಳಗಿನ ಕೋಣೆಯನ್ನು ಸಾರಿಸಿ ಬಾಣಂತಿಗೆ ಬಿಟ್ಟುಕೊಡುತ್ತಿದ್ದರು. ಸೂಲಗಿತ್ತಿಗೂ ಮುಂಚೆಯೇ ಹೇಳಿಟ್ಟಿರುತ್ತಿದ್ದರು. ನಡುರಾತ್ರಿ ಬಾಗಿಲು ಬಡಿದರೂ ಆಯಮ್ಮ ಲಾಟೀನು ಹಿಡಿದು ಬರುತ್ತಿದ್ದರು. ಕೊಟ್ಟಷ್ಟು ರಾಗಿ, ಒಂದು ಸೀರೆ, ಎಲೆ ಅಡಿಕೆ, ಇಷ್ಟೇ ಅವರ ಸಂಭಾವನೆ.

ಇಂಥ ತಾಯಂದಿರ ಹಿರಿಮೆಗೆ ನಮ್ಮ ತುಮಕೂರು ಜಿಲ್ಲೆಯೇ ಸಾಕ್ಷಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಆದರೆ ಹಳೆಯದೆಲ್ಲ ಒಳ್ಳೆಯದೇ ಎಂದು ನಾವು ಬರೆದರೆ ಸತ್ತ ತಾಯಂದಿರಿಗೆ ಅನ್ಯಾಯ ಮಾಡಿದಂತೆ. ಹೊಕ್ಕುಳ ಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ದು ಬೂದಿ ಹಚ್ಚುತ್ತಿದ್ದ ಮನೆಗಳೂ ಇದ್ದವು. ವಾರದೊಳಗೆ ಮಗು ಸೆಟೆದುಕೊಂಡು ಸತ್ತರೆ ‘ಗಾಳಿ ಸೋಕಿತು’ ಅನ್ನುತ್ತಿದ್ದರು. ಅದು ಧನುರ್ವಾಯು. ತಾಯಿಗೆ ಚುಚ್ಚುಮದ್ದು, ಶುಚಿಯಾದ ಕೈ, ಹೊಸ ಬ್ಲೇಡು, ಇಷ್ಟರಿಂದಲೇ ಅದನ್ನು ತಡೆಯಬಹುದಿತ್ತು. ನಮ್ಮ ದೇಶ ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆ ಎಂಬ ಮನ್ನಣೆ ಸಿಕ್ಕಿದ್ದು 2015ರಲ್ಲಿ.

ಇನ್ನೊಂದು ಮಾತು. ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ, ಹಿಂಡಿ ಹೆಚ್ಚಿಗೆ ಇಡಬೇಕೆಂಬುದು ನಮ್ಮ ಸದಸ್ಯರೆಲ್ಲರಿಗೂ ಗೊತ್ತು. ಬಸುರಿ ಸೊಸೆಗೆ ಮಾತ್ರ ‘ಜಾಸ್ತಿ ಉಂಡರೆ ಮಗು ದಪ್ಪಾಗುತ್ತೆ, ಹೆರಿಗೆ ಕಷ್ಟ’ ಅಂತ ಅಳೆದು ಬಡಿಸಿದ್ದೇವೆ. ಕರುವಿಗೆ ಗಿಣ್ಣು ಹಾಲು ಮೊದಲು ಕುಡಿಸಿ ಎಂದು ಪಶುವೈದ್ಯರು ಹೇಳಿದರೆ ಒಪ್ಪಿದೆವು. ನಮ್ಮ ಕೂಸಿಗೆ ಸಿಗಬೇಕಾದ ತಾಯಿಯ ಮೊದಲ ಹಾಲನ್ನು ಹಿಂಡಿ ಚೆಲ್ಲಿದೆವು. ಹಸು ಕರು ಹಾಕಲಾರದೆ ನರಳಿದರೆ ಡಾಕ್ಟರನ್ನು ಕರೆಯಲು ರಾತ್ರೋರಾತ್ರಿ ಓಡಿದವರು ನಾವೇ.

ಸಂಘ ಹುಟ್ಟುವ ಮೊದಲಿನ ಮಾತು. ನಮ್ಮೂರಿನ ಒಬ್ಬ ಹೆಣ್ಣುಮಗಳಿಗೆ ಸಂಜೆ ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ಕೋಣೆ ಸಿದ್ಧವಿತ್ತು, ನೀರು ಕಾದಿತ್ತು, ಬಾಣಂತಿ ಖಾರವೂ ಕುಟ್ಟಿಟ್ಟಿತ್ತು. ‘ಬೆಳಗಾಗ್ಲಿ, ನೋಡಾಣ’ ಅಂದರು ಹಿರಿಯರು. ಕೊನೆಗೆ ಗಾಡಿ ಕಟ್ಟಿದಾಗ ಕೋಳಿ ಕೂಗುವ ಹೊತ್ತು. ಟಾರು ರಸ್ತೆ ಸೇರುವ ಮುಂಚೆಯೇ ಆಕೆ ತೀರಿಕೊಂಡಳು. ಆ ಮಗು ಬದುಕಿತು. ಇವತ್ತು ಅವನೂ ನಮ್ಮ ಸಂಘದ ಸದಸ್ಯನೇ. ಅಂದು ಎಲ್ಲವೂ ಸಿದ್ಧವಿತ್ತು, ಆಪತ್ತಿನ ಹೊತ್ತಿಗೆ ಬೇಕಾದ ಸಿದ್ಧತೆಯೊಂದೇ ಇರಲಿಲ್ಲ.

ಆಸ್ಪತ್ರೆಗಳು ಇರಲೇ ಇಲ್ಲವೆಂದಲ್ಲ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲೇ ಆರಂಭವಾಯಿತು. ಹಳ್ಳಿಯಿಂದ ಅದು ದೂರವಿತ್ತು, ಅಷ್ಟೆ. ಆ ದೂರ ಮೆಲ್ಲಗೆ ಕಡಿಮೆಯಾಯಿತು. ಸೂಲಗಿತ್ತಿಯರಿಗೆ ಸರ್ಕಾರ ತರಬೇತಿ ಕೊಟ್ಟಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದರು. 2007ರಲ್ಲಿ ನಮ್ಮ ರಾಜ್ಯ ಬಾಣಂತಿಗೆ ‘ಮಡಿಲು’ ಕಿಟ್ ಕೊಡತೊಡಗಿತು. 2008ರಲ್ಲಿ 108 ಆಂಬುಲೆನ್ಸ್ ಓಡಿತು. 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಜೇರಿಯನ್ ಸಹಿತ ಹೆರಿಗೆಗೆ ಶುಲ್ಕವಿಲ್ಲ ಎಂದಾಯಿತು. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆದರೂ ಆ ಒಂದೊಂದು ಸಾವೂ ಒಂದೊಂದು ಮನೆಯ ದೀಪ ಆರಿದಂತೆಯೇ.

ಆದ್ದರಿಂದ ಸೀಮಂತ ಮಾಡೋಣ, ಬಳೆ ತೊಡಿಸೋಣ, ಕೊಬ್ಬರಿ ಬೆಲ್ಲವನ್ನೂ ಕೂಡಿಡೋಣ. ಜೊತೆಗೆ ಮೂರನೇ ತಿಂಗಳೊಳಗೇ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯೋಣ. ಕಬ್ಬಿಣಾಂಶದ ಮಾತ್ರೆ ತಪ್ಪದೆ ನುಂಗಿಸೋಣ. ಯಾವ ಆಸ್ಪತ್ರೆಗೆ ಹೋಗುವುದು, 108 ತಡವಾದರೆ ಯಾರ ಗಾಡಿ, ಜೊತೆಗೆ ಯಾರು, ರಕ್ತ ಬೇಕಾದರೆ ಯಾರು ಕೊಡುತ್ತಾರೆ, ಇದನ್ನೆಲ್ಲ ಎಂಟನೇ ತಿಂಗಳೊಳಗೆ ಮನೆಮಂದಿ ಕೂತು ಮಾತಾಡಿಟ್ಟಿರಬೇಕು. ರಕ್ತ ಹೋಗುವುದು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ‘ಬೆಳಗಾಗ್ಲಿ’ ಅನ್ನಬಾರದು.

ಸಹಕಾರವೆಂದರೆ ಹಾಲಿನ ಕ್ಯಾನಿಗೆ ಮಾತ್ರ ಸಂಬಂಧಿಸಿದ್ದಲ್ಲ. ಒಂದು ಮನೆಯಲ್ಲಿ ನೋವು ಶುರುವಾದಾಗ ಇನ್ನೊಂದು ಮನೆಯ ಗಾಡಿ ಹೊರಡುವುದೂ ಸಹಕಾರವೇ. ಸೂಲಗಿತ್ತಿ ಲಾಟೀನು ಹಿಡಿದು ಬರುತ್ತಿದ್ದದ್ದೂ ಅದೇ ಸಹಕಾರದಿಂದ. ಆ ಲಾಟೀನನ್ನು ಈಗ ನಾವು ಹಿಡಿಯಬೇಕಾಗಿದೆ.